ಬೈಕಿನ ಜಿಪಿಎಸ್ ತಪ್ಪು ಸ್ಪೀಡ್ ತೋರಿಸುತ್ತಿದೆಯಾ? ಸುಳ್ಳು ಹೇಳುತ್ತಿರುವುದು ಯಾವುದು ಅಂತ ಮೊದಲು ಪತ್ತೆ ಮಾಡಿ

ಬೈಕಿನ ಮೀಟರ್ 100 ಅನ್ನುತ್ತದೆ. ಹ್ಯಾಂಡಲ್ ಮೇಲಿನ ನ್ಯಾವಿಗೇಟರ್ 93 ಅನ್ನುತ್ತದೆ. ಹೊಸದಾಗಿ ಜಿಪಿಎಸ್ ಹಾಕಿಕೊಂಡವರು ಮೊದಲ ರೈಡಿನಲ್ಲೇ ಇದನ್ನು ಗಮನಿಸುತ್ತಾರೆ, ಗಮನಿಸಿದ ಕೂಡಲೇ ಡಿವೈಸ್ ಡಬ್ಬಾ ಅಂತ ತೀರ್ಪು ಕೊಟ್ಟು, ವಾಪಸ್ ಮಾಡಲು ಬಿಲ್ ಹುಡುಕಲು ಶುರು ಮಾಡುತ್ತಾರೆ. ಸ್ವಲ್ಪ ತಡೆಯಿರಿ. ಈ ಜಗಳದಲ್ಲಿ ಹೆಚ್ಚಿನ ಸಲ ಸುಳ್ಳು ಹೇಳುವುದು ಬೈಕಿನ ಮೀಟರ್. ಹಾಗಂತ ಜಿಪಿಎಸ್ ಏನೂ ಸತ್ಯಹರಿಶ್ಚಂದ್ರ ಅಲ್ಲ. ಅದೂ ತಪ್ಪು ಹೇಳುತ್ತದೆ, ಆದರೆ ಅದರ ತಪ್ಪಿನ ರೀತಿಯೇ ಬೇರೆ.

ಅದಕ್ಕೇ ವ್ಯತ್ಯಾಸ ಎಷ್ಟು ಅಂತ ನೋಡುವುದಕ್ಕಿಂತ, ಆ ವ್ಯತ್ಯಾಸ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡಿ. ನೇರ ರಸ್ತೆಯಲ್ಲಿ ಒಂದೇ ಸ್ಪೀಡಿನಲ್ಲಿ ಹೋಗುವಾಗ ಜಿಪಿಎಸ್ ಪ್ರತಿ ಸಲವೂ ಅಷ್ಟೇ ಕಮ್ಮಿ ತೋರಿಸುತ್ತಿದ್ದರೆ ಅನುಮಾನ ಮೀಟರ್ ಮೇಲೆ ಇರಲಿ. ಥ್ರಾಟಲ್ ತಿರುಗಿಸಿದಾಗ ಅಥವಾ ಬ್ರೇಕ್ ಹಿಡಿದಾಗ ಮಾತ್ರ ವ್ಯತ್ಯಾಸ ಕಂಡು, ಆಮೇಲೆ ತಾನೇ ಸರಿಹೋದರೆ ಅದು ಜಿಪಿಎಸ್ ತಡವಾಗಿ ಹೇಳುತ್ತಿರುವುದು, ತಪ್ಪಾಗಿ ಅಲ್ಲ. ಅಂಕಿ ಸುಮ್ನೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಸಿಗ್ನಲ್ ಸಮಸ್ಯೆ. ಈ ಮೂರನ್ನು ಬೇರೆ ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇವೆಲ್ಲಕ್ಕಿಂತ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಯೂನಿಟ್ ನೋಡಿಬಿಡಿ. ಮೀಟರ್ 100 ಇದ್ದಾಗ ಜಿಪಿಎಸ್ 60ರ ಆಸುಪಾಸು ತೋರಿಸಿದರೆ ಅದು ಮೈಲಿ. 52–54 ತೋರಿಸಿದರೆ ಅದು ನಾಟ್, ಅಂದರೆ ಹಡಗಿನವರ ಲೆಕ್ಕ. ಜಿಪಿಎಸ್ ಚಿಪ್‌ಗಳು ಒಳಗೊಳಗೇ ಸ್ಪೀಡನ್ನು ನಾಟ್‌ನಲ್ಲಿ ಹೇಳುವುದು ಹಳೇ ಪದ್ಧತಿ, ಕೆಲವು ಆ್ಯಪ್‌ಗಳು ಅದನ್ನು ಹಾಗೇ ತೆರೆಗೆ ತಂದುಬಿಡುತ್ತವೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ಇನ್ನೊಂದು, ಡೆಮೊ ಅಥವಾ ಸಿಮ್ಯುಲೇಶನ್ ಮೋಡ್ ಆನ್ ಆಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಅದು ಆನ್ ಆಗಿದ್ದರೆ ಬೈಕ್ ಸ್ಟ್ಯಾಂಡ್ ಮೇಲಿದ್ದರೂ ತೆರೆಯ ಮೇಲೆ ನೀವು ಹೆದ್ದಾರಿಯಲ್ಲಿ ಹಾರುತ್ತಿರುತ್ತೀರಿ. ಹಾಗೆಯೇ ತೆರೆಯ ಮೇಲೆ ಕಾಣುವ ಎರಡು ಅಂಕಿಗಳಲ್ಲಿ ಒಂದು ನಿಮ್ಮ ಸ್ಪೀಡ್, ಇನ್ನೊಂದು ಆ ರಸ್ತೆಯ ಸ್ಪೀಡ್ ಲಿಮಿಟ್. ಲಿಮಿಟ್ ಬರುವುದು ಮ್ಯಾಪಿನಿಂದ, ಉಪಗ್ರಹದಿಂದ ಅಲ್ಲ. ಅದು ತಪ್ಪಿದ್ದರೆ ಮ್ಯಾಪ್ ಅಪ್‌ಡೇಟ್ ಮಾಡಬೇಕು, ಅಷ್ಟೇ.

ಮೀಟರ್ ಯಾಕೆ ಜಾಸ್ತಿ ತೋರಿಸುತ್ತದೆ

ಕಂಪನಿಯವರು ಬೇಕಂತಲೇ ಹಾಗೆ ಮಾಡಿರುತ್ತಾರೆ. ಬಹಳ ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 39ನೇ ವಾಹನ ನಿಯಮ ಸ್ಪೀಡೋಮೀಟರ್ ಬಗ್ಗೆಯೇ ಇದೆ. ಮೀಟರ್ ನಿಜವಾದ ವೇಗಕ್ಕಿಂತ ಒಂದು ಚೂರೂ ಕಮ್ಮಿ ತೋರಿಸುವಂತಿಲ್ಲ. ಜಾಸ್ತಿ ತೋರಿಸಬಹುದು, ಅದಕ್ಕೂ ಮಿತಿ ಇದೆ: ನಿಜ ವೇಗದ 10 ಶೇಕಡಾ, ಅದರ ಮೇಲೆ 4 ಕಿ.ಮೀ. ನೀವು ನಿಜವಾಗಿ 100ರಲ್ಲಿ ಹೋಗುವಾಗ ಮೀಟರ್ 100ರಿಂದ 114ರವರೆಗೆ ಏನು ತೋರಿಸಿದರೂ ಟೆಸ್ಟ್‌ನಲ್ಲಿ ಪಾಸು. 60ರಲ್ಲಿ ಹೋಗುವಾಗ 70 ತೋರಿಸಿದರೂ ಪಾಸು. ಕಮ್ಮಿ ತೋರಿಸಿದರೆ ಮಾತ್ರ ಫೇಲು. ಹೀಗಿರುವಾಗ ಯಾವ ತಯಾರಕನೂ ಸರಿಯಾಗಿ ನಡುಗೆರೆಯ ಮೇಲೆ ನಡೆಯುವ ಧೈರ್ಯ ಮಾಡುವುದಿಲ್ಲ. ಟಯರ್ ಹೊಸದಿರಲಿ, ಹಳೆಯದಿರಲಿ, ಗಾಳಿ ಜಾಸ್ತಿ ಇರಲಿ, ಕಮ್ಮಿ ಇರಲಿ, ಯಾವ ಲೆಕ್ಕದಲ್ಲೂ ಸಿಕ್ಕಿಹಾಕಿಕೊಳ್ಳಬಾರದು ಅಂತ ಮೀಟರನ್ನು ಸ್ವಲ್ಪ ಮೇಲಕ್ಕೇ ಇಟ್ಟಿರುತ್ತಾರೆ.

ಅದಕ್ಕೆ ನಾವು ನಮ್ಮ ಕೈಯಾರೆ ಇನ್ನಷ್ಟು ಸೇರಿಸುತ್ತೇವೆ. ಮೀಟರ್ ಎಣಿಸುವುದು ಚಕ್ರದ ಸುತ್ತುಗಳನ್ನು. ಒಂದು ಸುತ್ತಿಗೆ ಎಷ್ಟು ದೂರ ಅನ್ನುವುದು ಮೊದಲೇ ಬರೆದಿಟ್ಟ ಲೆಕ್ಕ. ಟಯರ್ ಸವೆದರೆ ಚಕ್ರ ಚಿಕ್ಕದಾಗುತ್ತದೆ, ಅದೇ ದೂರಕ್ಕೆ ಜಾಸ್ತಿ ಸುತ್ತುತ್ತದೆ, ಮೀಟರ್ ಇನ್ನೂ ಮೇಲೆ ಹೋಗುತ್ತದೆ. 120/70-17 ಟಯರಿನ ವ್ಯಾಸ ಸುಮಾರು 600 ಮಿ.ಮೀ. ಅದರಲ್ಲಿ 5 ಮಿ.ಮೀ. ರಬ್ಬರ್ ಸವೆದರೆ ಹೆಚ್ಚುಕಮ್ಮಿ 1.7 ಶೇಕಡಾ ವ್ಯತ್ಯಾಸ. ಅದರ ಬದಲು 120/60-17 ಹಾಕಿಸಿದರೆ ವ್ಯಾಸ 576ಕ್ಕೆ ಇಳಿಯುತ್ತದೆ, ಅಲ್ಲಿಗೇ 4 ಶೇಕಡಾ ಹೋಯಿತು.

ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ, ಬದಲಿಸಿದವರು ಇನ್ನೂ ಹುಷಾರಾಗಿರಬೇಕು. ಕೆಲವು ಬೈಕುಗಳಲ್ಲಿ ಸ್ಪೀಡ್ ಸೆನ್ಸರ್ ಇರುವುದು ಚಕ್ರದಲ್ಲಲ್ಲ, ಗೇರ್‌ಬಾಕ್ಸ್ ಹತ್ತಿರ. ಅಂಥ ಬೈಕಿನಲ್ಲಿ ಮುಂದಿನ ಸ್ಪ್ರಾಕೆಟ್ 15 ಹಲ್ಲಿನಿಂದ 14ಕ್ಕೆ ಇಳಿಸಿದರೆ ಮೀಟರ್ ಒಂದೇ ಏಟಿಗೆ 7 ಶೇಕಡಾ ಮೇಲೆ ಹಾರುತ್ತದೆ, ಮೊದಲೇ ಇದ್ದ ಹೆಚ್ಚುವರಿ ಬೇರೆ. ಸೆನ್ಸರ್ ಚಕ್ರದಲ್ಲೇ ಇದ್ದರೆ, ಉದಾಹರಣೆಗೆ ಚಕ್ರದ ಜೊತೆಗೇ ತಿರುಗುವ ಎಬಿಎಸ್ ಬ್ರೇಕಿನ ರಿಂಗ್ ನೋಡಿ ಲೆಕ್ಕ ಹಾಕುವ ಬೈಕಾದರೆ, ಸ್ಪ್ರಾಕೆಟ್ ಏನು ಮಾಡಿದರೂ ಮೀಟರಿಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು ತಮಾಷೆ ಇದೆ. ತಿರುವಿನಲ್ಲಿ ಬೈಕ್ ಒರಗಿಸಿದಾಗ ಟಯರಿನ ನಡುಭಾಗ ಬಿಟ್ಟು ಅಂಚು ರಸ್ತೆಗೆ ತಾಗುತ್ತದೆ. ಅಲ್ಲಿ ಸುತ್ತಳತೆ ಕಮ್ಮಿ. ಹಾಗಾಗಿ ನೀವು ಸ್ಪೀಡ್ ಜಾಸ್ತಿ ಮಾಡದೇ ಇದ್ದರೂ ಮೀಟರ್ ಸ್ವಲ್ಪ ಏರುತ್ತದೆ. ಕಾರಿನವರಿಗೆ ಈ ತಾಪತ್ರಯ ಇಲ್ಲ.

ಜಿಪಿಎಸ್ ಯಾಕೆ ನಂಬಬಹುದು

ಇಲ್ಲಿ ಒಂದು ತಪ್ಪು ಕಲ್ಪನೆ ಬಹಳ ಜನಕ್ಕಿದೆ. ಜಿಪಿಎಸ್ ಜಾಗ ತೋರಿಸುವಾಗ ಮೂರು ನಾಲ್ಕು ಮೀಟರ್ ಆಚೀಚೆ ಆಗುತ್ತದೆ, ಹಾಗಿದ್ದಮೇಲೆ ಸ್ಪೀಡ್ ಹೇಗೆ ಸರಿ ಇರಲು ಸಾಧ್ಯ ಅನ್ನುತ್ತಾರೆ. ಕೇಳಲು ಸರಿ ಅನಿಸುತ್ತದೆ. ಆದರೆ ಸಾಮಾನ್ಯವಾಗಿ ರಿಸೀವರ್‌ಗಳು ಎರಡು ಜಾಗಗಳ ನಡುವಿನ ದೂರವನ್ನು ಸಮಯದಿಂದ ಭಾಗಿಸಿ ಸ್ಪೀಡ್ ಹೇಳುವುದಿಲ್ಲ. ಉಪಗ್ರಹದಿಂದ ಬರುವ ರೇಡಿಯೋ ಅಲೆಯ ಆವರ್ತನ ಎಷ್ಟು ಬದಲಾಗಿದೆ ಅಂತ ಅಳೆದು ಹೇಳುತ್ತವೆ. ಡಾಪ್ಲರ್ ಪರಿಣಾಮ ಅಂತ ಶಾಲೆಯಲ್ಲಿ ಓದಿದ್ದು ನೆನಪಿದೆ ಅಲ್ವಾ, ಅದೇ. ಜಿಪಿಎಸ್‌ನ ಮುಖ್ಯ ಸಿಗ್ನಲ್ 1575.42 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ, ಅಲೆಯ ಉದ್ದ ಸುಮಾರು 19 ಸೆಂ.ಮೀ. ನೀವು ದಿಗಂತದ ಹತ್ತಿರವಿರುವ ಒಂದು ಉಪಗ್ರಹದ ದಿಕ್ಕಿಗೇ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋದರೆ ಆ ಆವರ್ತನದಲ್ಲಿ ಸುಮಾರು 146 ಹರ್ಟ್ಸ್ ವ್ಯತ್ಯಾಸ ಆಗುತ್ತದೆ. ಉಪಗ್ರಹದ ಸ್ವಂತ ಓಟವನ್ನು ಕಳೆದು, ಹಲವು ಉಪಗ್ರಹಗಳಿಂದ ಇದೇ ಲೆಕ್ಕ ಹಾಕಿ ರಿಸೀವರ್ ನಿಮ್ಮ ವೇಗ ಹೇಳುತ್ತದೆ. ತೆರೆದ ಆಕಾಶದ ಕೆಳಗೆ, ಒಂದೇ ವೇಗದಲ್ಲಿ ಹೋಗುವಾಗ ಇದರಲ್ಲಿ ಗಂಟೆಗೆ 1 ಕಿ.ಮೀ.ನಷ್ಟು ತಪ್ಪು ಬರುವುದೂ ಅಪರೂಪ.

ತೆರೆದ ಆಕಾಶ, ಒಂದೇ ವೇಗ. ಈ ಎರಡು ಷರತ್ತುಗಳನ್ನು ಮರೆಯಬೇಡಿ. ಜಿಪಿಎಸ್‌ನ ಹೆಚ್ಚಿನ ತಪ್ಪುಗಳು ಇವೆರಡರಲ್ಲಿ ಒಂದು ಕೈಕೊಟ್ಟಾಗಲೇ ಬರುವುದು.

ಪರೀಕ್ಷೆ ಮಾಡುವ ಬಗೆ

ಓಡಿಸುತ್ತಾ ಎರಡು ಅಂಕಿಗಳನ್ನು ಓದಿ ನೆನಪಿಟ್ಟುಕೊಳ್ಳುವ ಸಾಹಸ ಬೇಡ. ಹೆಲ್ಮೆಟ್ ಮೇಲೋ ಎದೆಯ ಮೇಲೋ ಆಕ್ಷನ್ ಕ್ಯಾಮೆರಾ ಕಟ್ಟಿ, ಮೀಟರ್ ಮತ್ತು ಜಿಪಿಎಸ್ ಎರಡೂ ಒಂದೇ ಫ್ರೇಮಿನಲ್ಲಿ ಬರುವಂತೆ ಇಡಿ. ಮನೆಗೆ ಬಂದು ಆರಾಮಾಗಿ ನೋಡಬಹುದು. ಕ್ಯಾಮೆರಾ ಇಲ್ಲದಿದ್ದರೆ ಹಿಂದೆ ಕೂತವರು ಬರೆದುಕೊಳ್ಳಲಿ. ಉದ್ದನೆಯ, ಮಟ್ಟಸವಾದ, ಮೇಲೆ ಮರ ಕಟ್ಟಡ ಏನೂ ಇಲ್ಲದ ರಸ್ತೆ ಬೇಕು. ಬೆಳಿಗ್ಗೆ ಬೇಗ ಹೋದರೆ ಟ್ರಾಫಿಕ್ ಕಾಟ ಇರುವುದಿಲ್ಲ. ಮೀಟರ್‌ನಲ್ಲಿ 40, 60, 80, ಆ ರಸ್ತೆಯಲ್ಲಿ ಅನುಮತಿ ಇದ್ದರೆ 100, ಹೀಗೆ ಒಂದೊಂದು ಸ್ಪೀಡನ್ನೂ ಅರ್ಧ ನಿಮಿಷ ಹಾಗೇ ಹಿಡಿದಿಡಿ. ಕ್ರೂಸ್ ಕಂಟ್ರೋಲ್ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಈಗ ಅಂಕಿಗಳನ್ನು ಪಕ್ಕಪಕ್ಕ ಇಡಿ. ಪ್ರತಿ ವೇಗದಲ್ಲೂ ಮೀಟರ್ ಹೆಚ್ಚುಕಮ್ಮಿ ಅದೇ 3–4 ಕಿ.ಮೀ. ಮೇಲಿದ್ದರೆ ಅದು ಕಾರ್ಖಾನೆಯಲ್ಲೇ ಕೂಡಿಸಿಟ್ಟದ್ದು. ವೇಗ ಏರಿದಂತೆ ವ್ಯತ್ಯಾಸವೂ ಏರುತ್ತಾ, ಶೇಕಡಾ ಲೆಕ್ಕದಲ್ಲಿ ಒಂದೇ ಇದ್ದರೆ ಎರಡು ಸಾಧ್ಯತೆ: ಅದನ್ನೂ ಕಾರ್ಖಾನೆಯಲ್ಲೇ ಇಟ್ಟಿರಬಹುದು, ಇಲ್ಲವೇ ಟಯರ್ ಅಥವಾ ಸ್ಪ್ರಾಕೆಟ್ ಕಾರಣ ಇರಬಹುದು. ಇದನ್ನು ಬಿಡಿಸಲು ಓಡಿದ ದೂರ ತೋರಿಸುವ ಓಡೋಮೀಟರ್ ಸಹಾಯ ಮಾಡುತ್ತದೆ. ನನಗೆ ಇಡೀ ಪರೀಕ್ಷೆಯಲ್ಲಿ ಬಹಳ ಇಷ್ಟದ ಭಾಗ ಇದೇ, ಯಾಕೆಂದರೆ ಸ್ಪೀಡ್ ಮೀಟರನ್ನು ಮೇಲಕ್ಕೆ ಎತ್ತಿಟ್ಟ ಕಂಪನಿಯೇ ಓಡೋಮೀಟರನ್ನು ಸಾಮಾನ್ಯವಾಗಿ ಸರಿಯಾಗಿಟ್ಟಿರುತ್ತದೆ. ಟ್ರಿಪ್ ಮೀಟರನ್ನೂ ಜಿಪಿಎಸ್ ಟ್ರಿಪ್ಪನ್ನೂ ಒಟ್ಟಿಗೆ ಸೊನ್ನೆ ಮಾಡಿ, ಹೆದ್ದಾರಿಯಲ್ಲಿ 50 ಕಿ.ಮೀ.ಗಿಂತ ಜಾಸ್ತಿ ಹೋಗಿ ಬನ್ನಿ. ದೂರ ಒಂದೆರಡು ಶೇಕಡಾ ಒಳಗೆ ಹೊಂದಿಕೆಯಾಗಿ, ಸ್ಪೀಡ್ ಮಾತ್ರ 7 ಶೇಕಡಾ ಜಾಸ್ತಿ ಇದ್ದರೆ ನಿಮ್ಮ ಚಕ್ರ, ಸೆನ್ಸರ್ ಎಲ್ಲ ಸರಿ ಇದೆ, ಮೀಟರ್ ಹುಟ್ಟಿದ್ದೇ ಹಾಗೆ. ದೂರವೂ ಅಷ್ಟೇ ಶೇಕಡಾ ಜಾಸ್ತಿ ಬಂದರೆ ಟಯರ್ ಸೈಜು, ಗಾಳಿ, ಸ್ಪ್ರಾಕೆಟ್ ನೋಡಿ. ಸುರಂಗ, ಸುತ್ತುಬಳಸಿನ ಘಾಟಿ ರಸ್ತೆ ಇದಕ್ಕೆ ಬೇಡ. ಜಿಪಿಎಸ್ ಅಲ್ಲಿ ತಿರುವುಗಳನ್ನು ಕತ್ತರಿಸಿ ದೂರ ಕಮ್ಮಿ ಲೆಕ್ಕ ಹಾಕುತ್ತದೆ.

ಜಿಪಿಎಸ್ ಮೇಲೆ ಆಗಲೂ ನಂಬಿಕೆ ಬರದಿದ್ದರೆ ಕಿಲೋಮೀಟರ್ ಕಲ್ಲು, ಒಂದು ಸ್ಟಾಪ್‌ವಾಚ್, ಇಷ್ಟು ಸಾಕು. ದೂರವನ್ನು 3600ರಿಂದ ಗುಣಿಸಿ ಸೆಕೆಂಡಿನಿಂದ ಭಾಗಿಸಿದರೆ ವೇಗ ಸಿಗುತ್ತದೆ. 5 ಕಿ.ಮೀ.ಗೆ 200 ಸೆಕೆಂಡ್ ಆದರೆ ಗಂಟೆಗೆ 90 ಕಿ.ಮೀ. ಒಂದೇ ಕಿಲೋಮೀಟರ್ ಅಳೆಯಲು ಹೋಗಬೇಡಿ. ಬಟನ್ ಒತ್ತುವುದರಲ್ಲಿ 2 ಸೆಕೆಂಡ್ ಆಚೀಚೆ ಆದರೆ ಆ ವೇಗದಲ್ಲಿ 5 ಶೇಕಡಾ ತಪ್ಪು ಅಲ್ಲೇ ಬಂತು. 5 ಕಿ.ಮೀ. ತೆಗೆದುಕೊಂಡರೆ ಅದೇ ತಪ್ಪು 1 ಶೇಕಡಾಕ್ಕೆ ಇಳಿಯುತ್ತದೆ. ರಸ್ತೆ ಅಗಲ ಮಾಡಿದಾಗ ಕಲ್ಲುಗಳನ್ನು ಅಂದಾಜಿನಲ್ಲಿ ನೆಟ್ಟಿರುವ ಜಾಗಗಳೂ ಇರುತ್ತವೆ, ಅದಕ್ಕೂ ಉದ್ದ ದೂರವೇ ಮದ್ದು.

ತಡವಾಗಿ ತೋರಿಸಿದರೆ

ಬೈಕಿನ ಸಹವಾಸದಲ್ಲಿ ಇದು ದೊಡ್ಡದಾಗಿ ಕಾಣುತ್ತದೆ, ಯಾಕೆಂದರೆ ಬೈಕ್ ಹಾರುವಷ್ಟು ಬೇಗ ಜಿಪಿಎಸ್ ಹಾರುವುದಿಲ್ಲ. ಬಹಳಷ್ಟು ನ್ಯಾವಿಗೇಟರ್‌ಗಳು, ಫೋನುಗಳು ಸೆಕೆಂಡಿಗೆ ಒಂದು ಸಲ ಮಾತ್ರ ಅಂಕಿ ಬದಲಿಸುತ್ತವೆ. ಅದರ ಮೇಲೆ ಅಂಕಿ ಕುಣಿಯದಿರಲಿ ಅಂತ ಹಿಂದಿನ ಕೆಲವು ಅಂಕಿಗಳ ಜೊತೆ ಸರಾಸರಿ ಮಾಡುತ್ತವೆ. 5 ಸೆಕೆಂಡಿನಲ್ಲಿ 100 ಮುಟ್ಟುವ ಬೈಕ್ ಪ್ರತಿ ಸೆಕೆಂಡಿಗೆ 20 ಕಿ.ಮೀ. ವೇಗ ಏರಿಸಿಕೊಳ್ಳುತ್ತದೆ. ಅಂದರೆ ನೀವು 80 ದಾಟುವಾಗ ತೆರೆಯ ಮೇಲೆ ಇನ್ನೂ 60 ಇರುತ್ತದೆ. ಬ್ರೇಕ್ ಹಿಡಿದಾಗ ಇದರ ಉಲ್ಟಾ. ಬೈಕ್ ನಿಂತೇಬಿಟ್ಟಿರುತ್ತದೆ, ತೆರೆ ಇನ್ನೂ 15 ಅನ್ನುತ್ತಿರುತ್ತದೆ.

ಇದು ರಿಪೇರಿ ಮಾಡುವ ವಿಷಯ ಅಲ್ಲ. ಮೂರು ನಾಲ್ಕು ಸೆಕೆಂಡ್ ಒಂದೇ ವೇಗದಲ್ಲಿ ಹೋದಮೇಲೆ ಬರುವ ಅಂಕಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಟ್ರ್ಯಾಕ್‌ನಲ್ಲಿ ಓಡಿಸಿ ನಿಖರ ಅಂಕಿ ಬೇಕೇಬೇಕು ಅನ್ನುವವರಿಗೆ ಸೆಕೆಂಡಿಗೆ 10 ಅಥವಾ 25 ಸಲ ಅಳೆಯುವ ರೇಸಿಂಗ್ ಲಾಗರ್‌ಗಳು ಸಿಗುತ್ತವೆ. ದಾರಿ ತೋರಿಸಲು ಮಾಡಿದ ಡಿವೈಸಿನಿಂದ ಆ ಕೆಲಸ ಕೇಳಬಾರದು. ಇನ್ನು ಬೈಕ್ ನಿಂತಿದ್ದಾಗ 1–2 ಕಿ.ಮೀ. ತೋರಿಸುವುದು ಮಾಮೂಲಿ, ತಲೆ ಕೆಡಿಸಿಕೊಳ್ಳಬೇಡಿ. ಏರು ರಸ್ತೆಯಲ್ಲಿ ಜಿಪಿಎಸ್ ಕಮ್ಮಿ ತೋರಿಸುತ್ತದೆ ಅನ್ನುವ ಮಾತೂ ಇದೆ. ಅಡ್ಡ ದೂರವನ್ನು ಮಾತ್ರ ಲೆಕ್ಕ ಹಾಕುವ ಡಿವೈಸ್‌ಗಳಲ್ಲಿ ಅದು ನಿಜವೇ, ಆದರೆ 10 ಶೇಕಡಾ ಏರಿನಲ್ಲಿ, ಅಂದರೆ ಸಾಕಷ್ಟು ಕಡಿದಾದ ರಸ್ತೆಯಲ್ಲಿ ಕೂಡ, 100ಕ್ಕೆ ಅರ್ಧ ಕಿ.ಮೀ. ವ್ಯತ್ಯಾಸ ಅಷ್ಟೇ.

ಅಂಕಿ ಕುಣಿಯುತ್ತಿದ್ದರೆ

ಇದು ಮಾತ್ರ ನಿಜವಾದ ದೋಷ, ಇದಕ್ಕೆ ನೀವು ಮಾಡಬಹುದಾದದ್ದು ಬೇಕಾದಷ್ಟಿದೆ. ಉಪಗ್ರಹ ಇರುವುದು ಸುಮಾರು 20,200 ಕಿ.ಮೀ. ಎತ್ತರದಲ್ಲಿ. ನೆಲಕ್ಕೆ ತಲುಪುವ ಹೊತ್ತಿಗೆ ಸಿಗ್ನಲ್ ತೀರಾ ಸಣಕಲಾಗಿರುತ್ತದೆ. ಎತ್ತರದ ಕಟ್ಟಡಗಳ ನಡುವೆ, ಬಂಡೆ ಕಡಿದು ಮಾಡಿದ ರಸ್ತೆಯಲ್ಲಿ, ಒದ್ದೆ ಎಲೆಗಳ ದಟ್ಟ ಕಾಡಿನಲ್ಲಿ ಅದು ಅಡ್ಡಿಗೆ ಸಿಕ್ಕುತ್ತದೆ, ಇಲ್ಲವೇ ಗೋಡೆಗೆ ಬಡಿದು ಸುತ್ತು ಹಾಕಿ ಬರುತ್ತದೆ. ಅಂಥ ಜಾಗದಲ್ಲಿ ಮಾತ್ರ ಅಂಕಿ ಕುಣಿದು ಬಯಲಿಗೆ ಬಂದಾಗ ಸರಿಯಾದರೆ ಬಿಟ್ಟುಬಿಡಿ. ಸುರಂಗದೊಳಗೆ ಕೆಲವು ಡಿವೈಸ್‌ಗಳು ಕೊನೆಯ ಸ್ಪೀಡನ್ನೇ ಹಿಡಿದುಕೊಂಡು ಕೂರುತ್ತವೆ, ಒಳಗೆ ನೀವು ನಿಧಾನ ಮಾಡಿದ್ದು ಅವಕ್ಕೆ ತಿಳಿಯುವುದಿಲ್ಲ. ಅಲ್ಲಿ ಬೈಕಿನ ಮೀಟರನ್ನೇ ನೋಡಿ.

ಬಯಲಿನಲ್ಲೂ ಕುಣಿದರೆ ಮೊದಲು ಮೌಂಟ್ ನೋಡಿ. ಡಿವೈಸಿನ ಮೇಲ್ಭಾಗಕ್ಕೆ ಆಕಾಶ ಕಾಣುತ್ತಿರಬೇಕು. ಟ್ಯಾಂಕ್ ಬ್ಯಾಗಿನ ಕಿಟಕಿಯಲ್ಲಿಟ್ಟು ಅದರ ಮೇಲೆ ಬಗ್ಗಿ ಕೂತರೆ ನಿಮ್ಮ ಮೈಯೇ ಅಡ್ಡ, ಮನುಷ್ಯನ ಮೈಯಲ್ಲಿರುವ ನೀರು ಈ ಸಿಗ್ನಲ್ಲನ್ನು ಚೆನ್ನಾಗಿ ನುಂಗುತ್ತದೆ. ಕಾರ್ಬನ್ ಫೈಬರ್ ಕೆಳಗಾಗಲೀ ಲೋಹದ ಪಟ್ಟಿ ಕೆಳಗಾಗಲೀ ಇಡಬೇಡಿ. ಫೋನ್ ಹಿಂದೆ ಅಂಟಿಸುವ ಲೋಹದ ಮ್ಯಾಗ್ನೆಟ್ ತಟ್ಟೆ ಇದ್ದರೆ ಒಮ್ಮೆ ತೆಗೆದು ನೋಡಿ. ಈಗ ಹ್ಯಾಂಡಲ್ ಮೇಲೆ ಬರೀ ತೆರೆ ಕೂರಿಸಿ ಫೋನನ್ನು ಜೇಬಿನಲ್ಲೋ ಸೀಟ್ ಕೆಳಗೋ ಇಡುವ ವ್ಯವಸ್ಥೆಗಳು ಬಂದಿವೆ. ಅಲ್ಲಿ ತೆರೆಗೆ ತನ್ನದೇ ಜಿಪಿಎಸ್ ಇಲ್ಲದಿದ್ದರೆ ಲೆಕ್ಕ ಹಾಕುವುದು ಫೋನ್. ತೆರೆ ಎಷ್ಟು ಚೆನ್ನಾಗಿ ಆಕಾಶ ನೋಡುತ್ತಿದ್ದರೂ ಸೀಟ್ ಕೆಳಗಿನ ಫೋನಿಗೆ ಕತ್ತಲೇ.

ಆಮೇಲೆ ಕರೆಂಟ್ ಗಲಾಟೆ. ಇದನ್ನು ಜನ ಯೋಚಿಸುವುದೇ ಇಲ್ಲ. ಅಗ್ಗದ ಯುಎಸ್‌ಬಿ ಚಾರ್ಜರ್, ಹೆಚ್ಚುವರಿ ಎಲ್ಇಡಿ ಲೈಟ್, ಡ್ಯಾಶ್‌ಕ್ಯಾಮ್, ಇವೆಲ್ಲ ರೇಡಿಯೋ ಗದ್ದಲ ಹೊರಡಿಸಬಲ್ಲವು, ಸಣ್ಣ ಸಿಗ್ನಲ್ ಅದರಲ್ಲಿ ಮುಳುಗಿಹೋಗುತ್ತದೆ. ಪತ್ತೆ ಮಾಡುವುದು ಸುಲಭ. ಬಯಲಿನಲ್ಲಿ ಬೈಕ್ ನಿಲ್ಲಿಸಿ, ಎಲ್ಲ ಪ್ಲಗ್ ಕಿತ್ತು, ಡಿವೈಸನ್ನು ಅದರದೇ ಬ್ಯಾಟರಿಯಲ್ಲಿ ಓಡಿಸಿ ಉಪಗ್ರಹಗಳ ಪುಟ ತೆರೆಯಿರಿ. ಅಲ್ಲಿ ಒಂದೊಂದು ಉಪಗ್ರಹದ ಸಿಗ್ನಲ್ ಬಲವನ್ನು ಪಟ್ಟಿ ಅಥವಾ ಅಂಕಿಯಲ್ಲಿ (dB-Hz ಲೆಕ್ಕ) ತೋರಿಸುತ್ತಾರೆ. ಒಳ್ಳೆಯ ಸಿಗ್ನಲ್‌ಗಳು 40ರ ಆಸುಪಾಸು ಇರುತ್ತವೆ, 25ಕ್ಕಿಂತ ಕೆಳಗಿದ್ದರೆ ದುರ್ಬಲ. ಲೆಕ್ಕಕ್ಕೆ ಕನಿಷ್ಠ 4 ಉಪಗ್ರಹ ಬೇಕು, ಆದರೆ ಬಯಲಿನಲ್ಲಿ ಎಂಟು ಹತ್ತಕ್ಕಿಂತ ಜಾಸ್ತಿ ಕಾಣಬೇಕು. ಈಗ ಎಂಜಿನ್ ಸ್ಟಾರ್ಟ್ ಮಾಡಿ, ಒಂದೊಂದೇ ಪ್ಲಗ್ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಪಟ್ಟಿಗಳೆಲ್ಲ ಒಟ್ಟಿಗೆ ಕುಸಿಯುತ್ತವೋ ಅದೇ ಅಪರಾಧಿ. ಅದನ್ನು ದೂರ ಸರಿಸಿ, ಆಗಲೂ ಸರಿಹೋಗದಿದ್ದರೆ ಬದಲಿಸಿ. ಜೊತೆಗೆ ಡಿವೈಸ್ ಕೂರುವ ಕ್ರೇಡಲ್‌ನ ಪಿನ್‌ಗಳು ಅದುರಿ ಸಂಪರ್ಕ ತಪ್ಪುತ್ತಿದೆಯಾ ಅಂತಲೂ ನೋಡಿ.

ಫೋನ್ ಬಳಸುವವರು ಲೊಕೇಶನ್ ಅನುಮತಿಯಲ್ಲಿ ನಿಖರ ಸ್ಥಳ ಆಯ್ಕೆ ಆನ್ ಮಾಡಿ, ಬ್ಯಾಟರಿ ಸೇವರ್ ಆಫ್ ಮಾಡಿ. ಬ್ಯಾಟರಿ ಉಳಿಸುವ ಭರದಲ್ಲಿ ಫೋನ್ ಜಿಪಿಎಸ್ಸನ್ನು ಆಗಾಗ ಮಲಗಿಸುತ್ತದೆ. (ದುಬಾರಿ ಫೋನನ್ನು ನೇರವಾಗಿ ಹ್ಯಾಂಡಲ್‌ಗೆ ಕಟ್ಟುವವರಿಗೆ ಒಂದು ಮಾತು: ದೊಡ್ಡ ಎಂಜಿನ್‌ಗಳ ಅದುರುವಿಕೆಯಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದು ಅಂತ 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಸಿದೆ. ಅದುರುವಿಕೆ ತಗ್ಗಿಸುವ ಮೌಂಟ್ ಹಾಕಿ.) ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಡಿವೈಸಾದರೆ ಹೊರಡುವ ಮುನ್ನ ಬಯಲಿನಲ್ಲಿ ಕಾಲು ಗಂಟೆ ಆನ್ ಮಾಡಿಡಿ. ಎಲ್ಲ ಉಪಗ್ರಹಗಳ ಒಟ್ಟು ಪಟ್ಟಿಯನ್ನು ಸಿಗ್ನಲ್ ಮೂಲಕವೇ ಇಳಿಸಿಕೊಳ್ಳಲು ಹನ್ನೆರಡೂವರೆ ನಿಮಿಷ ಬೇಕು.

ಟಾಪ್ ಸ್ಪೀಡ್ 240 ಅಂತ ತೋರಿಸಿ ಗೆಳೆಯರ ಮುಂದೆ ಮೆರೆಯುವವರಿಗೂ ಒಂದು ಮಾತು ಹೇಳಲೇಬೇಕು. ಸುರಂಗದಿಂದ ಹೊರಬಂದಾಗ ಅಥವಾ ಸಿಗ್ನಲ್ ತಪ್ಪಿ ಸಿಕ್ಕಾಗ ಜಾಗ ಒಮ್ಮೆಗೇ ಜಿಗಿಯುತ್ತದೆ. ಒಂದು ಸೆಕೆಂಡಿನಲ್ಲಿ 40 ಮೀಟರ್ ಜಿಗಿದರೆ, ಜಾಗ ನೋಡಿ ಸ್ಪೀಡ್ ಲೆಕ್ಕ ಹಾಕುವ ಆ್ಯಪ್ ಅದನ್ನು ಗಂಟೆಗೆ 144 ಕಿ.ಮೀ. ಅಂತ ಬರೆದುಕೊಳ್ಳುತ್ತದೆ, ನೀವು ಟ್ರಾಫಿಕ್ ಸಿಗ್ನಲ್‌ನಲ್ಲಿ ನಿಂತಿದ್ದರೂ ಸರಿ. ಟ್ರ್ಯಾಕ್ ಫೈಲ್, ಅಂದರೆ ನೀವು ಹೋದ ದಾರಿಯ ದಾಖಲೆ, ತೆರೆದು ನೋಡಿ. ನಿಜವಾದ ಟಾಪ್ ಸ್ಪೀಡ್ ಆಗಿದ್ದರೆ ಹಿಂದಿನ, ಮುಂದಿನ ಬಿಂದುಗಳೂ ಅದರ ಹತ್ತಿರದಲ್ಲೇ ಇರುತ್ತವೆ. ಒಂಟಿಯಾಗಿ ಎದ್ದು ನಿಂತ ಅಂಕಿ ಸುಳ್ಳು.

ಮೀಟರನ್ನೇ ಸರಿ ಮಾಡಬೇಕಾ?

ತಪ್ಪು ಮೀಟರ್‌ದೇ ಅಂತ ಗೊತ್ತಾದಮೇಲೆ ಹಲವರು ಸ್ಪೀಡ್ ಸೆನ್ಸರಿನ ವೈರಿಗೆ ಸೇರಿಸುವ ಕರೆಕ್ಟರ್ ಮಾಡ್ಯೂಲ್ ಹುಡುಕುತ್ತಾರೆ. ಸ್ಪ್ರಾಕೆಟ್ ಅಥವಾ ಟಯರ್ ಸೈಜು ಬದಲಿಸಿ ಓಡೋಮೀಟರೂ ಕೆಟ್ಟಿದ್ದರೆ ಅದು ಒಳ್ಳೆಯ ಪರಿಹಾರ. ಆದರೆ ಓಡೋಮೀಟರ್ ಸರಿಯಿದ್ದು ಸ್ಪೀಡ್ ಮಾತ್ರ 7 ಶೇಕಡಾ ಜಾಸ್ತಿ ಇರುವ ಬೈಕಿಗೆ ಅದನ್ನು ಹಾಕಿದರೆ ಒಂದನ್ನು ಸರಿ ಮಾಡಿ ಇನ್ನೊಂದನ್ನು ಕೆಡಿಸಿದಂತೆ. ಎರಡಕ್ಕೂ ಹೋಗುವುದು ಒಂದೇ ಸಿಗ್ನಲ್. 10,000 ಕಿ.ಮೀ. ಓಡಿದಾಗ ಓಡೋಮೀಟರ್ ಸುಮಾರು 9,300 ತೋರಿಸುತ್ತದೆ, ಸರ್ವೀಸ್ ಲೆಕ್ಕ ಎಲ್ಲ ಹಿಂದೆ ಬೀಳುತ್ತದೆ. ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್ ಕೂಡ ಅದೇ ಸೆನ್ಸರ್ ಬಳಸುವ ಬೈಕಾದರೆ ಆ ವೈರ್ ಮುಟ್ಟುವುದೇ ಬೇಡ. ನನ್ನ ಪ್ರಕಾರ ಇಂಥ ಬೈಕಿಗೆ ಏನೂ ಮಾಡುವುದು ಬೇಕಿಲ್ಲ. ಪರೀಕ್ಷೆಯಲ್ಲಿ ಬರೆದುಕೊಂಡ ನಾಲ್ಕು ಅಂಕಿಗಳು ನೆನಪಿದ್ದರೆ ಸಾಕು.

ಇಷ್ಟೆಲ್ಲ ಮಾಡಿಯೂ ಬಯಲಿನಲ್ಲಿ, ಬ್ಯಾಟರಿಯಲ್ಲೇ ಓಡುವಾಗ, ಒಂದೇ ವೇಗದಲ್ಲಿ ಹೋಗುವಾಗ ಅಂಕಿ 3–4 ಕಿ.ಮೀ. ಆಚೀಚೆ ಆಡುತ್ತಲೇ ಇದ್ದರೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಫ್ಯಾಕ್ಟರಿ ರೀಸೆಟ್ ಕೊಟ್ಟು, ಪಕ್ಕದಲ್ಲಿ ಇನ್ನೊಂದು ಫೋನ್ ಇಟ್ಟು ಹೋಲಿಸಿ. ಫೋನ್ ಸ್ಥಿರವಾಗಿದ್ದು ಡಿವೈಸ್ ಮಾತ್ರ ಕುಣಿದರೆ ಆ್ಯಂಟೆನಾ ಅಥವಾ ರಿಸೀವರ್ ಕೆಟ್ಟಿದೆ. ವಾರಂಟಿಗೆ ಕೊಡುವಾಗ ಸುಮ್ನೆ ಸ್ಪೀಡ್ ತಪ್ಪು ತೋರಿಸುತ್ತದೆ ಅಂತ ಬರೆದರೆ ಅವರು ಬೈಕಿನ ಮೀಟರ್ ಕಡೆ ಕೈ ತೋರಿಸಿ ಸಾಗಹಾಕುತ್ತಾರೆ. ಉಪಗ್ರಹ ಪುಟದ ಫೋಟೋ, ಆ ದಿನದ ಟ್ರ್ಯಾಕ್ ಫೈಲ್, ಎರಡೂ ತೆರೆಗಳು ಒಟ್ಟಿಗೆ ಕಾಣುವ ವೀಡಿಯೋ, ಈ ಮೂರನ್ನೂ ಜೊತೆಗೆ ಕಳಿಸಿ.